ಕಂಪನಿಯ ಬಿಳಿ, ಅಣ್ಣನ ಬಿಳಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.10

ಕೋಟು ಹಾಕಿಕೊಂಡೆ. ಎರಡು ನಿಮಿಷ ಬೂದು ಕಾರ್ಡ್ ನೋಡಿದೆ. ಬಣ್ಣ ನೋಡುವ ಪೆಟ್ಟಿಗೆಯ ದೀಪ ಹಾಕಿದೆ. ಮೊದಲನೆಯದು ಬಿಳಿ — ಪಾಸ್. ಎರಡನೆಯದು ಕೆನೆಬಣ್ಣ, ಕೆಂಪು ಒಂದು ಗುಲಗಂಜಿ ಜಾಸ್ತಿ — ವಾಪಸ್.

ಇಷ್ಟೇ ಕೆಲಸ. ಕಾರ್ಖಾನೆಯಲ್ಲಿ ಕಲಸಿದ ಪ್ರತಿ ಬಣ್ಣವನ್ನೂ ಒಂದು ತಗಡಿನ ಚೂರಿಗೆ ಬಳಿದು ನನ್ನ ಮುಂದೆ ಇಡುತ್ತಾರೆ. ಅಸಲಿ ಮಾದರಿಗೆ ಹೊಂದುತ್ತದೋ ಇಲ್ಲವೋ ಹೇಳಬೇಕು. ಯಂತ್ರವೂ ನೋಡುತ್ತದೆ, ಆದರೆ ಕೊನೆಯ ಮಾತು ಕಣ್ಣಿನದು. ಕಣ್ಣು ಕೆಡಬಾರದೆಂದು ನಮಗೆಲ್ಲ ಬೂದು ಕೋಟು, ಬೂದು ಗೋಡೆ, ಬೂದು ಮೇಜು. ಹತ್ತೊಂಬತ್ತು ವರ್ಷ ಊರ ಗೋಡೆಗಳಿಗೆಲ್ಲ ಕೆಂಪಕ್ಷರ ಬರೆದವಳ ಗತಿ ಇದು.

ಈ ನೋಟ್‌ಬುಕ್ ಕೊಂಡದ್ದು ಕಂಪನಿಯ ತಪ್ಪುಗಳನ್ನು ತಾರೀಖು ಸಮೇತ ಬರೆದಿಡಲು. ಸೇರಿ ಐದು ತಿಂಗಳು. ಏಪ್ರಿಲ್ ಒಂದಕ್ಕೆ ಕಾಯಂ ಪತ್ರ ಕೈಗೆ ಬರುತ್ತದೆ. ಸಹಿ ಹಾಕುವುದೋ ಬಿಡುವುದೋ ಅಷ್ಟರಲ್ಲಿ ತೀರ್ಮಾನವಾಗಬೇಕು.

ಇವತ್ತಿನ ತಪ್ಪು: ಒಂದು ಪೆನ್ನು ಬೇಕೆಂದರೆ ಎರಡು ಸಹಿ. ಸಹಿ ಹಾಕಲು ಪೆನ್ನಿಲ್ಲ.

ಒಳ್ಳೆಯದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ. ಹೆಂಗಸರ ಶೌಚಾಲಯಕ್ಕೆ ಚಿಲಕವಿದೆ. ನೀರು ಬರುತ್ತದೆ. ಮೊದಲು ಕೆಲಸ ಮಾಡಿದ ಅಣ್ಣನ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷವೂ ಪಕ್ಕದ ಹೋಟೆಲಿನವರ ದಯೆ.

ಮಾರ್ಚ್ 4, ಮಂಗಳವಾರ

ಇವತ್ತು ಕಣ್ಣಿನ ಪರೀಕ್ಷೆ. ಆರು ತಿಂಗಳಿಗೊಮ್ಮೆ ಎಲ್ಲರಿಗೂ. ಒಂದು ತಟ್ಟೆಯ ತುಂಬ ಬಣ್ಣದ ಬಿಲ್ಲೆಗಳು — ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ, ಕೂದಲೆಳೆಯಷ್ಟು ವ್ಯತ್ಯಾಸ. ಕಲಸಿ ಕೊಡುತ್ತಾರೆ, ಸಾಲಾಗಿ ಜೋಡಿಸಬೇಕು. ನನ್ನದು ಒಂದೂ ತಪ್ಪಿಲ್ಲ.

ಮೇಡಂ ಫೇಲಾದರು! ಲ್ಯಾಬಿನ ಮುಖ್ಯಸ್ಥೆ. ಇಪ್ಪತ್ತೆರಡು ವರ್ಷದ ಸರ್ವೀಸು. ನೀಲಿ-ಹಸಿರಿನ ಸಾಲಿನಲ್ಲಿ ಹನ್ನೆರಡು ತಪ್ಪು. ಈಗ ಮುಚ್ಚಿಹಾಕುತ್ತಾರೆ ನೋಡೋಣ ಎಂದು ನೋಟ್‌ಬುಕ್ ತೆರೆದೇ ಕೂತಿದ್ದೆ. ಅವರೇ ಪಟ್ಟಿ ಟೈಪು ಮಾಡಿದರು. ತಮ್ಮ ಹೆಸರಿನ ಮುಂದೆ 'ನೀಲಿ, ಹಸಿರಿಗೆ ಸಹಿ ಮಾಡುವಂತಿಲ್ಲ' ಎಂದು ಹಾಕಿದರು. ಗೋಡೆಗೆ ಅಂಟಿಸಿ ಬಂದು ಚಹಾ ಕುಡಿದರು.

"ಏನ್ರೀ ಹಾಗೆ ನೋಡ್ತಿದೀರ? ಕಣ್ಣು ನಂದು, ಬಣ್ಣ ಗಿರಾಕಿದು" ಅಂದರು.

ಎಷ್ಟು ಸಂಘಟನೆ ಕಟ್ಟಿದ್ದೇವೆ, ಎಷ್ಟು ಸಮಿತಿ ಒಡೆದಿದ್ದೇವೆ. ನಾಯಕನೊಬ್ಬ ತನ್ನ ಫೇಲು ಪಟ್ಟಿಯನ್ನು ತಾನೇ ಅಂಟಿಸಿದ್ದು ನಾನು ಕಂಡಿಲ್ಲ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ಮಾರ್ಚ್ 6, ಗುರುವಾರ. ಊಟದ ಹೊತ್ತು

ಸಿಕ್ಕಿತು. ನಿಜವಾದ ತಪ್ಪು. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ — ನಾಚಿಕೆಯಾಗಬೇಕು ನನಗೆ.

ಡ್ರಮ್ ತೊಳೆಯುವವರು ಹದಿನಾಲ್ಕು ಮಂದಿ. ಎಲ್ಲರೂ ಗುತ್ತಿಗೆಯವರು. ನಾವು ಉಂಡು ಎದ್ದ ಮೇಲೆ, ಒಂದೂ ಮುಕ್ಕಾಲಿಗೆ ಅವರಿಗೆ ಕ್ಯಾಂಟೀನಿನಿಂದ ಊಟ. ಅದೂ ಒಳಗೆ ಕೂರುವಂತಿಲ್ಲ. ಲಾರಿಗೆ ಮಾಲು ತುಂಬುವ ಕಡೆಯ ಮೆಟ್ಟಿಲ ಮೇಲೆ. ಒಳಗೆ ಅರವತ್ತು ಕುರ್ಚಿ ಖಾಲಿ.

ಮೇಡಂ ಹತ್ತಿರ ಕೂಗಾಡಿದೆ. "ಕ್ಯಾಂಟೀನು ನನ್ನ ಕೈಲಿಲ್ಲ" ಅಂದರು. ಯಾರ ಕೈಲಿದೆ? "ಸಿಬ್ಬಂದಿ ವಿಭಾಗ." ಅಲ್ಲಿ ಕೇಳಿದೆ. "ಗುತ್ತಿಗೆದಾರರದು." ಗುತ್ತಿಗೆದಾರ ಯಾರು? "ಅವರು ಬೇರೆ ಕಡೆ ಇರ್ತಾರೆ." ದೊಡ್ಡ ಕಂಪನಿಯ ದೊಡ್ಡ ಗುಣ ಇದು — ಬೈಯಲು ಒಂದು ಮುಖ ಸಿಗುವುದಿಲ್ಲ. ಅಣ್ಣನ ಅಂಗಡಿಯಲ್ಲಿ ಎದುರಿಗೇ ಕೂತಿರುತ್ತಿದ್ದರು. ಬೈದು, ಬೈಸಿಕೊಂಡು, ಹನ್ನೊಂದಕ್ಕೆ ಇಬ್ಬರೂ ಚಹಾ.

ತಟ್ಟೆ ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತೆ. ಅವರಲ್ಲಿ ಹಿರಿಯಳೊಬ್ಬಳಿದ್ದಾಳೆ. ಎಲ್ಲರೂ ಡ್ರಮ್ಮಕ್ಕ ಅನ್ನುತ್ತಾರೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನವ್ವ, ಒಳಗೆ ಕುರ್ಚಿ ಕಚ್ತಾವಾ?"

"ನಿಮ್ಮ ಜತೆ ಕೂರೋಣ ಅಂತ."

"ಕೂರು. ಇರೋದು ಆರು ಮೆಟ್ಟಿಲು, ನಮಗೇ ಸಾಲಲ್ಲ. ನೀನು ಬಂದಿದ್ರಿಂದ ನಮಗೆ ಆದ ಉಪಕಾರ ಅಂದ್ರೆ ಜಾಗ ಕಮ್ಮಿ ಆಯ್ತು."

ಎಲ್ಲರೂ ನಕ್ಕರು. ನಾನೂ. ಮರ್ಯಾದೆ ಹೋದದ್ದು ನಿಜ.

ಮಾರ್ಚ್ 9, ಭಾನುವಾರ. ಸಂಜೆ

ಅಂಗಡಿಗೆ ಹೋಗಿದ್ದೆ. ಅಣ್ಣನ ಬೋರ್ಡ್ ಅಂಗಡಿ. ನನಗೆ ಕುಂಚ ಹಿಡಿಯುವುದನ್ನೂ ಧಿಕ್ಕಾರ ಕೂಗುವುದನ್ನೂ ಕಲಿಸಿದವರು. ಒಡಹುಟ್ಟಿದವರಲ್ಲ, ಅದಕ್ಕಿಂತ ಒಂದು ತೂಕ ಹೆಚ್ಚು. ವಯಸ್ಸು ಅರವತ್ತೇಳು. ದನಿ ಮಾತ್ರ ಇನ್ನೂ ಮೈಕ್ ಬೇಡದ್ದು.

"ಬಾರಮ್ಮ, ಕಂಪನಿ ಯಜಮಾನ್ತಿ! ಕುರ್ಚಿ ಒರೆಸ್ರೋ ಯಾರಾದ್ರೂ!"

ಒರೆಸಲು ಯಾರೂ ಇಲ್ಲ. ಇದ್ದ ಇಬ್ಬರು ಹುಡುಗರೂ ಬಿಟ್ಟುಹೋಗಿದ್ದಾರೆ. ಮೂಲೆಯಲ್ಲಿ ಹಾಲಿನಂಗಡಿಯ ಬೋರ್ಡು. ಚಂದದ ಅಕ್ಷರ, ಆ ಕೈಗೆ ಈಗಲೂ ಸಾಟಿ ಇಲ್ಲ. ಪಕ್ಕದಲ್ಲಿ ಲೋಟದ ತುಂಬ ಹಾಲಿನ ಚಿತ್ರ. ಹಾಲು ನೀಲಿ.

"ವಾಪಸ್ ತಂದು ಹಾಕಿದಾನೆ. ಏನಂದ ಗೊತ್ತಾ? ನನ್ನ ಹಾಲಿಗೆ ನೀರು ಬೆರೆಸ್ತೀನಿ ಅಂತ ಬೋರ್ಡಲ್ಲೇ ಸಾರ್ತಿದೀರಾ ಅಂದ! ಅವನ ಕಣ್ಣಿಗೆ ಏನು ಬಂದಿದೆ?"

ನಾನು ಬೋರ್ಡನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

"ತಪ್ಪು ಅವನದ್ದೂ ಅಲ್ಲ. ನಿಮ್ಮ ಕಂಪನಿದು. ಡಬ್ಬಿ ತೆಗೆದ್ರೆ ಬಿಳಿ ಹಳದಿಗೆ ತಿರುಗಿರುತ್ತೆ. ನೀಲಿ ನೋಡಿದ್ರೆ ಕೊಚ್ಚೆ. ಸರಿಮಾಡೋಕೆ ನಾನು ಎಷ್ಟು ಒದ್ದಾಡ್ಬೇಕು? ಕಲಬೆರಕೆ ಮಾಡ್ತಿದಾರೆ ತಾಯಿ. ಬಯಲಿಗೆಳೀತೀನಿ."

ಆಮೇಲೆ ದನಿ ತಗ್ಗಿಸಿ: "ವಾಪಸ್ ಬಂದ್ಬಿಡು. ಕೂಲಿಗಲ್ಲ. ಅರ್ಧ ಅಂಗಡಿ ನಿಂದು. ಬೋರ್ಡ್ ಮೇಲೆ ಇಬ್ಬರ ಹೆಸರೂ ಬರೀತೀನಿ."

ಯಾವತ್ತೂ ಯಾರನ್ನೂ ಏನನ್ನೂ ಕೇಳದ ಮನುಷ್ಯ.

ಇಲ್ಲಿ ಬರೆದುಬಿಡುತ್ತೇನೆ, ಯಾರೂ ಓದುವುದಿಲ್ಲವಲ್ಲ. ಕಂಪನಿಯ ಬಿಳಿ ಬೆಳ್ಳಗೇ ಇದೆ. ಅಣ್ಣನ ಕಣ್ಣಿಗೆ ಪೊರೆ ಬಂದಿದೆ. ಲೋಕವೆಲ್ಲ ಹಳದಿ ಕಾಣುತ್ತಿದೆ ಅವರಿಗೆ. ಆ ಹಳದಿ ಹೊಡೆದೋಡಿಸಲು ನೀಲಿ ಸುರಿಯುತ್ತಾರೆ. ಮೂರು ವರ್ಷದ ಹಿಂದೆಯೇ ನನಗೆ ಗೊತ್ತಾಗಿತ್ತು. ಏನು ಮಾಡಿದೆ? ಅವರು ಊಟಕ್ಕೆ ಎದ್ದು ಹೋದಾಗ ಅವರು ಬೆರೆಸಿದ್ದನ್ನು ಚೆಲ್ಲುತ್ತಿದ್ದೆ. ಬೇರೆ ಬೆರೆಸಿ ಅದೇ ಡಬ್ಬಿಯಲ್ಲಿಡುತ್ತಿದ್ದೆ. ಬಳಿಯುತ್ತಿದ್ದವಳು ನಾನು, ತಾವೇ ಬೆರೆಸಿದ್ದೆಂದು ನಂಬಿ ಅವರು ಮತ್ತೆ ನೋಡುತ್ತಿರಲಿಲ್ಲ. ಮೂರು ವರ್ಷ ಒಂದೇ ಒಂದು ಬೋರ್ಡು ವಾಪಸ್ ಬರಲಿಲ್ಲ. ಅಮ್ಮನ ಸೊಂಟದ ಆಪರೇಷನ್ನಿಗೆ ವಿಮೆ ಕೊಡುವ ಕೆಲಸ ಬೇಕಾಯಿತು, ನಾನು ಹೊರಟುಬಂದೆ. ಬೋರ್ಡುಗಳು ನೀಲಿಯಾದವು.

ಮಂತ್ರಿಯ ಕಾರಿಗೆ ಅಡ್ಡ ಮಲಗಿದವಳು ನಾನು. ಒಬ್ಬ ಮನುಷ್ಯನಿಗೆ 'ನಿಮ್ಮ ಕಣ್ಣು ಹೋಗುತ್ತಿದೆ' ಅನ್ನಲು ಬಾಯಿಲ್ಲ.

ಮಾರ್ಚ್ 13, ಗುರುವಾರ

ದೂರು ಬಂತು. ನೇರ ನನ್ನ ಮೇಜಿಗೆ. ಮೂರು ಪುಟ. ಅಕ್ಷರ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು. 'ಜನರ ಕಣ್ಣಿಗೆ ಮಣ್ಣೆರಚುವ ಬಂಡವಾಳಶಾಹಿಗಳೇ' ಎಂದು ಶುರು.

ಡಬ್ಬಿಯ ನಂಬರು ಕೊಟ್ಟಿದ್ದಾರೆ. ಅದನ್ನು ಪಾಸು ಮಾಡಿದ ಸಹಿ ನನ್ನದೇ.

ಪ್ರತಿ ಬಾರಿ ಕಲಸಿದ್ದರಲ್ಲಿ ಒಂದು ಪುಟ್ಟ ಡಬ್ಬಿ ಎರಡು ವರ್ಷ ಎತ್ತಿಟ್ಟಿರುತ್ತಾರೆ. ತೆಗೆದು ನೋಡಿದೆ. ಅಪ್ಪಟ ಬಿಳಿ. ಇನ್ನು ಉತ್ತರ ಬರೆಯಬೇಕು. ಅದಕ್ಕೆ ಅಚ್ಚಿನ ಒಕ್ಕಣೆ ಇದೆ: 'ಮಾದರಿಯು ನಿಗದಿತ ಮಿತಿಯೊಳಗಿದೆ. ತಮ್ಮ ವಿಶ್ವಾಸಕ್ಕೆ ಧನ್ಯವಾದಗಳು.' ಕೆಳಗೆ ಪರೀಕ್ಷಿಸಿದವರ ಹೆಸರು.

ನನ್ನ ಹೆಸರು. ಅಣ್ಣನಿಗೆ.

ಮೇಡಂ ಹತ್ತಿರ ಹೋಗಿ, ಇವರು ನನಗೆ ಬೇಕಾದವರು ಅಂದೆ.

"ಹಾಗಿದ್ರೆ ನೀವು ಸಹಿ ಮಾಡೋ ಹಾಗಿಲ್ಲ. ಪರಿಚಯದವರ ದೂರು ಬೇರೆಯವರು ನೋಡ್ಬೇಕು, ನಿಯಮ." ಓದಿದರು. ಕನ್ನಡಕ ತೆಗೆದು ಕೇಳಿದರು: "ವಯಸ್ಸೆಷ್ಟು ಇವರಿಗೆ?"

ಹೇಳಿದೆ.

"ಕಣ್ಣು ತೋರಿಸಿದಾರಾ?"

ಒಂದೇ ಪ್ರಶ್ನೆ. ನನಗೆ ಮೂರು ವರ್ಷ ಕೇಳಲಾಗದ್ದು. ಅವರಿಗೆ ಸುಲಭ ನಿಜ, ಅವರು ಅಣ್ಣನ ಕೈಯಲ್ಲಿ ಕುಂಚ ಕಲಿತವರಲ್ಲ.

"ಉತ್ತರ ಕೊಡೋಕೆ ಹತ್ತು ದಿನ ಟೈಮಿದೆ. ಒಂಬತ್ತನೇ ದಿನದವರೆಗೆ ಕಳಿಸಲ್ಲ. ಅಷ್ಟರಲ್ಲಿ ನೀವು ಹೇಳ್ತೀರೋ, ಪತ್ರ ಹೇಳ್ಬೇಕೋ ನೋಡಿ."

ಮಾರ್ಚ್ 16, ಭಾನುವಾರ

ಹೇಳಲೆಂದೇ ಹೋದೆ. ಅಣ್ಣ ಕರಪತ್ರ ಕೈಗಿಟ್ಟರು. 24ನೇ ತಾರೀಖು ಸೋಮವಾರ, ಕಂಪನಿ ಗೇಟಿನ ಮುಂದೆ ಧರಣಿ. ಎಲ್ಲರ ಎದುರಿಗೆ ಡಬ್ಬಿ ತೆರೆದು ರಸ್ತೆಗೆ ಸುರಿದು 'ಕಲಬೆರಕೆ ಬಿಳಿ'ಯನ್ನು ತೋರಿಸುವುದು. ಹಳೆಯ ಸಂಗಾತಿಗಳಿಗೆಲ್ಲ ಕರೆ ಹೋಗಿದೆ.

ಕಣ್ಣಿಗೆ ಕಟ್ಟಿತು. ಅಣ್ಣ ಸುರಿಯುತ್ತಾರೆ. 'ನೋಡಿ ಈ ಹಳದಿಯನ್ನು!' ಎಂದು ಕೂಗುತ್ತಾರೆ. ನಲವತ್ತು ಜನ ನೋಡುತ್ತಾರೆ — ಬಿಳಿ. ಯಾರಾದರೊಬ್ಬರು ಮೊದಲು ನಗುತ್ತಾರೆ.

"ಅಣ್ಣಾ, ಒಂದು ಮಾತು…" ಅಂದೆ.

"ಹೇಳು."

ಹೇಳಿದೆ — ಡ್ರಮ್ ತೊಳೆಯುವವರ ಮೆಟ್ಟಿಲ ಊಟದ ವಿಷಯ! ಹೇಡಿ. ಅರ್ಧ ಗಂಟೆ ಅದನ್ನೇ ಹೇಳಿದೆ. ಅಣ್ಣ ಹಲ್ಲು ಕಡಿದು ಕೇಳಿದರು. ಅಂಗಡಿಯ ತುಂಬ ಒಳ್ಳೆಯ ಸಿಟ್ಟು. ನಾನು ಬಂದ ಕೆಲಸ ಹಾಗೇ ಉಳಿಯಿತು.

ಮಾರ್ಚ್ 20, ಗುರುವಾರ. ಬೆಳಿಗ್ಗೆ, ಬಸ್ಸು ಬರುವ ಮೊದಲು

ಮೂರು ದಿನ ಬರೆಯಲಿಲ್ಲ. ಬರೆಯಲು ಮುಖವಿಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಹೊಸ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅವನು ನೆಲ ಅಗೀತಿದಾನೆ, ನೀನು ಪಿಕಾಸಿ ಹಿಡ್ಕೊಂಡು ನಿಂತಿದೀಯ."

"ನೊಂದ್ಕೋತಾರಮ್ಮ."

"ನೊಂದ್ಕೊಳ್ಳೋದು ಅವನಲ್ಲ. ಮೂರು ವರ್ಷ ಕದ್ದು ಚೆಲ್ಲಿದ್ದು ಹೊರಗೆ ಬರುತ್ತಲ್ಲ, ಅದು ನಿನಗೆ ಉರಿ. ಅವನ ಮರ್ಯಾದೆ ಅಂತ ಸುಮ್ನೆ ಹೇಳ್ಬೇಡ."

ಹೆತ್ತವಳ ಬಾಯಿಗೆ ಪೊರೆ ಬರುವುದಿಲ್ಲ.

ಅದೇ ದಿನ, ಸಂಜೆ

ಮೇಡಂ ದಾರಿ ಹುಡುಕಿದ್ದಾರೆ. ದೂರು ಕೊಟ್ಟವರು ಬಯಸಿದರೆ ಲ್ಯಾಬಿಗೆ ಬಂದು ಪರೀಕ್ಷೆಯನ್ನು ಖುದ್ದು ನೋಡಬಹುದಂತೆ. ನಿಯಮ ಪುಸ್ತಕದಲ್ಲಿದೆ. ಈವರೆಗೆ ಯಾರೂ ಬಂದಿಲ್ಲವಂತೆ, ಯಾರಿಗೂ ಹೇಳಿಲ್ಲವಾದ್ದರಿಂದ. (ಇದನ್ನು ತಪ್ಪಿನ ಕಡೆ ಬರೆಯಬೇಕೋ ಒಳ್ಳೆಯದರ ಕಡೆಯೋ?)

ಅಣ್ಣನಿಗೆ ಫೋನ್ ಮಾಡಿದೆ. "ಹುಲಿ ಬೋನಿಗೇ ಕರೀತಿದಾರಾ? ಬರ್ತೀನಿ!" ಅಂದರು.

ಮಾರ್ಚ್ 22, ಶನಿವಾರ. ಮಧ್ಯಾಹ್ನ 3

ನಡೆದ ಹಾಗೆಯೇ ಬರೆಯುತ್ತೇನೆ.

ಕೆಂಪು ಅಂಗಿ ಹಾಕಿಕೊಂಡೇ ಬಂದರು. ಕೋಟು ಕೊಟ್ಟೆವು. "ಇದೇನು, ಕೈದಿ ಬಟ್ಟೆನಾ?" ಮೇಡಂ ಹೇಳಿದರು, "ಎಲ್ಲರಿಗೂ ಇದೇ ಸಾರ್. ಮಾಲೀಕರು ಬಂದ್ರೂ ಇದೇ." ಹಾಕಿಕೊಂಡರು.

ಎತ್ತಿಟ್ಟ ಡಬ್ಬಿಯ ಬಿಳಿ, ಅಸಲಿ ಬಿಳಿ, ಅಣ್ಣ ತಂದ ಡಬ್ಬಿಯ ಬಿಳಿ — ಮೂರನ್ನೂ ಪೆಟ್ಟಿಗೆಯಲ್ಲಿಟ್ಟರು.

"ಮೂರೂ ಹಳದಿ" ಅಂದರು ಅಣ್ಣ. "ಅಸಲಿಯೇ ಕಲಬೆರಕೆ!"

ಮೇಡಂ ವಾದ ಮಾಡಲಿಲ್ಲ. ಬಾಗಿಲ ಪಕ್ಕದ ಪಟ್ಟಿಯನ್ನು ಕಿತ್ತು ತಂದು ಅವರ ಮುಂದೆ ಇಟ್ಟರು. ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. "ಇದು ನಾನು. ಫೇಲು. ನೀವೂ ಒಂದ್ಸಲ ಜೋಡಿಸ್ತೀರಾ?" ಬಿಲ್ಲೆಗಳ ತಟ್ಟೆ ಮುಂದಕ್ಕೆ ಸರಿಸಿದರು.

ಅಣ್ಣ ನಕ್ಕರು. ಐವತ್ತು ವರ್ಷ ಬಣ್ಣದಲ್ಲಿ ಕೈಯಾಡಿಸಿದವರು. ಚಕಚಕ ಜೋಡಿಸಿದರು. ಬಿಲ್ಲೆಗಳ ಬೆನ್ನ ಮೇಲೆ ನಂಬರು ಇರುತ್ತದೆ. ಮೇಡಂ ಮುಟ್ಟಲಿಲ್ಲ, "ನೀವೇ ತಿರುಗಿಸಿ" ಅಂದರು.

ಒಂದೊಂದಾಗಿ ತಿರುಗಿಸಿದರು. ಎರಡು. ಒಂಬತ್ತು. ನಾಲ್ಕು. ಹದಿನೈದು. ಮೂರು. ಅರ್ಧಕ್ಕೆ ಕೈ ನಿಂತಿತು. ಉಳಿದವುಗಳನ್ನೂ ತಿರುಗಿಸಿದರು, ಒಂದನ್ನೂ ಬಿಡದೆ.

ಆಮೇಲೆ ನನ್ನ ಕಡೆ ನೋಡಿದರು. ಮೇಡಂ ಕಡೆಗಲ್ಲ.

"ನಿನಗೆ ಎಷ್ಟು ದಿನದಿಂದ ಗೊತ್ತು?"

"ಮೂರು ವರ್ಷ."

"ನೀನಿದ್ದಾಗ ಒಂದೂ ವಾಪಸ್ ಬರ್ಲಿಲ್ವಲ್ಲ."

"ನೀವು ಊಟಕ್ಕೆ ಹೋದಾಗ… ಬೇರೆ ಬೆರೆಸ್ತಿದ್ದೆ."

"ನಂದು?"

"ಚೆಲ್ತಿದ್ದೆ."

ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಕೋಟು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟರು.

"ನನ್ನ ಮಗಳಾಗಿದ್ರೆ ಕಪಾಳಕ್ಕೆ ಬಿಡ್ತಿದ್ದೆ. ಸಂಗಾತಿ ನೀನು. ಸಂಗಾತಿ ಹೀಗೆ ಮಾಡ್ತಾಳಾ?"

ಹೋದರು. ಗೇಟಿನ ತನಕ ಹಿಂದೆ ಹೋದೆ. ತಿರುಗಿ ನೋಡಲಿಲ್ಲ.

ಮಾರ್ಚ್ 24, ಸೋಮವಾರ

ಧರಣಿ ನಿಲ್ಲಬಹುದೆಂದುಕೊಂಡಿದ್ದೆ. ನಿಲ್ಲಲಿಲ್ಲ. ಹನ್ನೆರಡೂವರೆಗೆ ಗೇಟಿನಲ್ಲಿ ಮೂವತ್ತು ಮಂದಿ, ಭಿತ್ತಿಪತ್ರ, ಬಾವುಟ. ಡಬ್ಬಿ ಅಣ್ಣನ ಕೈಯಲ್ಲಿ. ನಾವೆಲ್ಲ ಕಿಟಕಿಗೆ ಅಂಟಿಕೊಂಡೆವು. ಡ್ರಮ್ಮಕ್ಕನ ತಂಡ ಮೆಟ್ಟಿಲ ಮೇಲೆ ನಿಂತಿತು.

ಅಣ್ಣ ಡಬ್ಬಿ ತೆರೆಯಲಿಲ್ಲ. ಕೆಳಗಿಟ್ಟು ಅದರ ಮೇಲೆ ಒಂದು ಕಾಲಿಟ್ಟರು.

"ಸಂಗಾತಿಗಳೇ! ಕರಪತ್ರದಲ್ಲಿ ಬರೆದದ್ದು ತಪ್ಪು. ಬರೆದವನು ನಾನು. ಬಣ್ಣ ಸರಿಯಾಗಿದೆ. ಕೆಟ್ಟಿರೋದು ನನ್ನ ಕಣ್ಣು!"

ಗುಂಪಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಯಾರೋ ಅಭ್ಯಾಸಬಲದಿಂದ "ಜಯವಾಗಲಿ" ಅಂದ.

"ಏನು ಜಯ, ಥೂ! ಕೇಳ್ರಪ್ಪ. ಹೇಗೂ ಬಂದಿದೀವಿ. ಬಾವುಟ ತಂದಿದೀವಿ. ಸುಮ್ನೆ ಹೋಗೋಕಾಗುತ್ತಾ? ಈ ಗೇಟಿನೊಳಗೆ ಹದಿನಾಲ್ಕು ಜನ ಮೆಟ್ಟಿಲ ಮೇಲೆ ಕೂತು ಉಣ್ತಾರೆ. ಅರವತ್ತು ಕುರ್ಚಿ ಖಾಲಿ ಇಟ್ಕೊಂಡು! ಅದನ್ನ ನೋಡೋಕೆ ಯಾವ ಕಣ್ಣಾದ್ರೂ ಸಾಕು!"

ಭಿತ್ತಿಪತ್ರಗಳನ್ನೆಲ್ಲ ತಿರುಗಿಸಿದರು. ಖಾಲಿ ಬೆನ್ನಿನ ಮೇಲೆ ಅಲ್ಲೇ ನಿಂತು ಬರೆದರು, ಒಂದೊಂದಾಗಿ, ಆ ಅಕ್ಷರಗಳಲ್ಲಿ: 'ಒಳಗೆ ಊಟ.' ಎರಡೇ ಪದ. ಡ್ರಮ್ಮಕ್ಕ ಮೆಟ್ಟಿಲಿಳಿದು ಗೇಟಿನ ಸರಳು ಹಿಡಿದು ನಿಂತಳು.

"ಯಾರು ತಾಯಿ ಆ ಮುದುಕ? ಚೆನ್ನಾಗಿ ಬೈತಾನೆ" ಎಂದು ಆಮೇಲೆ ಬಂದು ನನ್ನ ಕೇಳಿದಳು.

ನಮ್ಮ ಅಣ್ಣ, ಅಂದೆ. ಅವರು ಒಮ್ಮೆಯೂ ನನ್ನ ಕಿಟಕಿಯ ಕಡೆ ನೋಡಲಿಲ್ಲ.

ಮಾರ್ಚ್ 27, ಗುರುವಾರ

ಅಣ್ಣ ಫೋನ್ ಎತ್ತಲಿಲ್ಲ. ಮೂರನೇ ದಿನ.

ಏಪ್ರಿಲ್ 1, ಮಂಗಳವಾರ

ಸಿಬ್ಬಂದಿ ವಿಭಾಗದವಳು ಕರೆದಳು. ಪತ್ರ ಮೇಜಿನ ಮೇಲಿತ್ತು, ಅವಳ ಅಂಗೈ ಪತ್ರದ ಮೇಲೆ.

"ಕ್ಯಾಂಟೀನ್ ವಿಷಯ ಹೊರಗಡೆಯವರಿಗೆ ಹೇಗೆ ಗೊತ್ತಾಯ್ತು?"

"ನಾನು ಹೇಳಿದೆ."

ಅವಳು ಸುಳ್ಳನ್ನು ನಿರೀಕ್ಷಿಸಿದ್ದಳೆಂದು ಕಾಣುತ್ತದೆ, ಮುಂದಿನ ಪ್ರಶ್ನೆ ತಯಾರಿರಲಿಲ್ಲ. ಪತ್ರ ನೋಡಿದಳು. ಮಾರ್ಚ್ ಇಪ್ಪತ್ತೊಂದಕ್ಕೇ ಮೇಲಿನವರ ಸಹಿಯಾಗಿಬಿಟ್ಟಿದೆ. ವಾಪಸ್ ತೆಗೆಯಬೇಕೆಂದರೆ ಹೊಸ ಕಡತ, ಐದು ಸಹಿ, ಕಾರಣ ಬರೆಯಬೇಕು. ಯಾವ ಕಾರಣ ಬರೆಯುತ್ತಾಳೆ? ಮೆಟ್ಟಿಲ ಮೇಲೆ ಊಟವೆಂದೇ? ನಿಟ್ಟುಸಿರು ಬಿಟ್ಟು ಅಂಗೈ ಎತ್ತಿದಳು. ಪೆನ್ನಿಗೆ ಎರಡು ಸಹಿ ಕೇಳುವ ರೋಗವೇ ಇವತ್ತು ನನ್ನನ್ನು ಉಳಿಸಿತು.

ಅಲ್ಲೇ ಕೂತು ತೂಗಿದೆ. ಇಲ್ಲಿ ನನಗೆ ಬಾಯಿಗೆ ಬಾಯಿ ಕೊಡುವವರಿಲ್ಲ, ಬೆನ್ನು ತಟ್ಟುವವರಿಲ್ಲ. ನಾಳೆ ನಾನು ಸತ್ತರೆ ನಾಡಿದ್ದು ಇನ್ನೊಬ್ಬಳಿಗೆ ಇದೇ ಕೋಟು. ಮೆಟ್ಟಿಲ ಮೇಲೆ ಹದಿನಾಲ್ಕು ಜನ ಉಂಡರೂ ಕೇಳುವವರಿಲ್ಲದಷ್ಟು ದೊಡ್ಡದು. ಆದರೆ ಅಮ್ಮ ಈ ಕಂಪನಿಯ ದೆಸೆಯಿಂದ ನಡೆಯುತ್ತಿದ್ದಾಳೆ. ಇಲ್ಲಿ ಮುಖ್ಯಸ್ಥೆಯ ಕಣ್ಣನ್ನೂ ಪರೀಕ್ಷೆ ಮಾಡುತ್ತಾರೆ. ನಾನು ಪ್ರೀತಿಯಿಂದ ಮೂರು ವರ್ಷ ಮಾಡಿದ ಮೋಸ ಇಲ್ಲಿ ಆರು ತಿಂಗಳು ಬಾಳುತ್ತಿರಲಿಲ್ಲ. ಮತ್ತೆ, ಜಗಳವಾಡಲು ಇಷ್ಟು ದೊಡ್ಡ ಜಾಗ ಇನ್ನೆಲ್ಲಿ ಸಿಗಬೇಕು ನನಗೆ.

ಸಹಿ ಹಾಕಿದೆ. ಎದ್ದು ಬರುವಾಗ ಮನಸ್ಸು ಹಗುರ. ಅಣ್ಣನ ವಿಷಯ ಮಾತ್ರ ಹಗುರವಾಗಿಲ್ಲ.

ಏಪ್ರಿಲ್ 4, ಶುಕ್ರವಾರ

ನೋಟಿಸು: 'ಪ್ರಾಯೋಗಿಕವಾಗಿ' ಇವತ್ತಿನಿಂದ ಎಲ್ಲರಿಗೂ ಹನ್ನೆರಡೂವರೆಗೆ ಒಳಗೇ ಊಟ. ಡ್ರಮ್ಮಕ್ಕ ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಬಿಸಿ ಊಟ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡಳು. "ನಿಮ್ಮ ಹೋರಾಟಕ್ಕೆ ಬೆಂಕಿ ಹಾಕ! ತಣ್ಣಗಿದ್ದಾಗ್ಲೇ ಸುಖ ಇತ್ತು" ಅಂದಳು. ಎರಡನೇ ಸಲ ಬಡಿಸಿಕೊಂಡಳು. ಪ್ರಾಯೋಗಿಕ ಅನ್ನುವ ಪದದ ಮೇಲೆ ಕಣ್ಣಿಟ್ಟಿದ್ದೇನೆ.

ಸಂಜೆ ಫೋನ್ ಬಂತು. ನಮಸ್ಕಾರ ಇಲ್ಲ, ಹಲೋ ಇಲ್ಲ.

"ಆಸ್ಪತ್ರೆಯವರು ಇಪ್ಪತ್ತೊಂದಕ್ಕೆ ಟೈಮ್ ಕೊಟ್ಟಿದಾರೆ. ಮೊದಲು ಎಡಗಣ್ಣು. ಆ ದಿನ ಜತೆಗೆ ಒಬ್ಬರಿರ್ಬೇಕಂತೆ. ನಿಮ್ಮ ಕಂಪನಿ ರಜಾ ಕೊಡುತ್ತಾ?"

"ಕೊಡುತ್ತೆ ಅಣ್ಣ. ನನ್ನ ಹಕ್ಕದು."

"ಹಕ್ಕಂತೆ. ಭಾನುವಾರ ಬಾ. ಹಾಲಿನವನ ಬೋರ್ಡು ಮುಗಿಸ್ಬೇಕು. ಒಂದು ಕರಾರು — ನೀನು ಡಬ್ಬಿ ಮುಟ್ಟೋ ಹಾಗಿಲ್ಲ. ಬೆರೆಸೋನು ನಾನು. ನೀನು ನೋಡಿ ಹೇಳ್ಬೇಕು. ನನ್ನ ಮುಖ ನೋಡ್ಕೊಂಡು ಹೇಳ್ಬೇಕು."

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 11.20, ಅಂಗಡಿ

ಚಹಾ ಆಯಿತು. ಒಂಬತ್ತರಿಂದ ಇಲ್ಲೇ ಇದ್ದೇನೆ. ಅರ್ಧ ಅಂಗಡಿ ಬೇಡವೆಂದೆ, ಭಾನುವಾರ ಪೂರ್ತಿ ಕೊಡುತ್ತೇನೆಂದೆ. "ಕಂಪನಿ ಎಂಜಲು" ಅಂದರು. ಒಪ್ಪಿಕೊಂಡರು.

ಬಿಳಿ ನಾಲ್ಕು ಸಲ ಬೆರೆಸಿದ್ದಾರೆ. ಮೊದಲ ಸಲ "ಹೇಗಿದೆ?" ಅಂದಾಗ ಮುಖ ನೋಡಿದೆ. "ನೀಲಿ ಜಾಸ್ತಿ ಆಯ್ತು ಅಣ್ಣ" ಅಂದೆ. ಕುಂಚ ಎಸೆದರು. ನನ್ನ ಅಪ್ಪ, ಅಜ್ಜ, ಕಂಪನಿ, ಅದರ ಷೇರುದಾರರು — ಯಾರನ್ನೂ ಬಿಡದೆ ಬೈದರು. ಕುಂಚ ಎತ್ತಿಕೊಂಡು ಮತ್ತೆ ಬೆರೆಸಿದರು. ಎರಡನೇ ಸಲ ಹೇಳುವುದು ಸುಲಭವಾಯಿತು. ಮೂರನೇ ಸಲ ಅವರು ಬೈಯುವ ಮೊದಲೇ ನಾನು ಬೈದೆ. ಎಷ್ಟು ದಿನವಾಗಿತ್ತು ಹೀಗೆ ಎದುರುಬದುರು ಕೂಗಾಡಿ. ಹೋಟೆಲಿನವನು ಬಂದು ಇಣುಕಿ ನೋಡಿ ಹೋದ.

ಈಗ ಐದನೆಯದು. ಈ ಕಡೆ ಬೆನ್ನು ಹಾಕಿ ಕೂತಿದ್ದಾರೆ, ನಾನು ನೋಡಬಾರದಂತೆ. ಹಾಡಿಕೊಳ್ಳುತ್ತಿದ್ದಾರೆ. ಕೈ ನೀಲಿ ಡಬ್ಬಿಯ ಕಡೆ ಹೋಯಿತು… ನಿಂತಿತು… ಮತ್ತೆ ಹೋಯಿತು. ಅಯ್ಯೋ, ಅಷ್ಟು ದೊಡ್ಡ ಹನಿ! ಕರೆಯುತ್ತಿದ್ದಾರೆ. ಇಲ್ಲಿಂದಲೇ ಕಾಣ—